ಎರಡು ಸಲ ಒತ್ತಿದರೆ ಮಾತ್ರ ಕೇಳುವ ಬಟನ್: ಮಿಡಿ ಮ್ಯಾಪಿಂಗ್ ಒಳಗೆ ನಡೆಯುವುದೇನು?

ಮಿಡಿ ಕಂಟ್ರೋಲರ್ ಎಂದರೆ ಕಂಪ್ಯೂಟರಿನ ಸಂಗೀತ ಸಾಫ್ಟ್‌ವೇರನ್ನು ಕೈಯಿಂದ ಆಡಿಸಲು ಬಟನ್, ನಾಬ್ (ತಿರುಗಿಸುವ ಗುಂಡಿ), ಫೇಡರ್ (ಮೇಲೆ ಕೆಳಗೆ ಸರಿಸುವ ಹಿಡಿ) ಇರುವ ಸಾಧನ. ಇವುಗಳಲ್ಲಿ ಯಾವುದು ಸಾಫ್ಟ್‌ವೇರ್‌ನ ಯಾವ ಕೆಲಸ ಮಾಡಬೇಕು ಎಂದು ಜೋಡಿಸುವುದೇ ಮ್ಯಾಪಿಂಗ್. ಇಂಥ ಕಂಟ್ರೋಲರ್ ತಂದು ಯುಎಸ್‌ಬಿಗೆ ಚುಚ್ಚಿದವರೆಲ್ಲ ಸ್ವಲ್ಪ ದಿನದಲ್ಲೇ ಒಂದೇ ಥರದ ದೂರು ಹೇಳುತ್ತಾರೆ. ರಿವರ್ಬ್ (ದನಿಗೆ ದೊಡ್ಡ ಕೋಣೆಯ ಅನುರಣನ ಕೊಡುವ ಪರಿಣಾಮ) ಆನ್ ಮಾಡೋಣ ಎಂದು ಬಟನ್ ಒತ್ತಿದರೆ, ಬೆರಳು ತೆಗೆದ ಕೂಡಲೇ ಅದು ಆಫ್ ಆಗುತ್ತದೆ. ಸೆಟ್ಟಿಂಗ್ ಬದಲಾಯಿಸಿ ನೋಡಿದರೆ ಈಗ ಪ್ರತಿ ಸಲವೂ ಎರಡೆರಡು ಬಾರಿ ಒತ್ತಬೇಕು. ಫೇಡರ್ ಮುಟ್ಟಿದರೆ ವಾಲ್ಯೂಮ್ ಇದ್ದಕ್ಕಿದ್ದ ಹಾಗೆ ಎಲ್ಲಿಗೋ ಹಾರುತ್ತದೆ. ಬಟನ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹಿಂದಿರುಗಿಸುವವರೂ ಇದ್ದಾರೆ. ಸಾಮಾನ್ಯವಾಗಿ ಕೆಟ್ಟಿರುವುದು ಬಟನ್ ಅಲ್ಲ. ಆನ್ ಇದೆಯೋ ಆಫ್ ಇದೆಯೋ ಎಂಬ ಲೆಕ್ಕವನ್ನು ಕಂಟ್ರೋಲರ್ ಒಂದು ಕಡೆ, ಸಾಫ್ಟ್‌ವೇರ್ ಇನ್ನೊಂದು ಕಡೆ ಇಟ್ಟುಕೊಂಡಿರುತ್ತವೆ, ಎರಡೂ ತಾಳೆಯಾಗುತ್ತಿರುವುದಿಲ್ಲ. ಆ ಲೆಕ್ಕ ಒಂದೇ ಕಡೆ, ಅದೂ ಸಾಫ್ಟ್‌ವೇರ್ ಕಡೆ, ಇರುವಂತೆ ಮಾಡಿದರೆ ಈ ದೂರುಗಳಲ್ಲಿ ಬಹುಪಾಲು ಮಾಯವಾಗುತ್ತವೆ.

ಮೊದಲು ಬಟನ್ ಏನು ಕಳಿಸುತ್ತದೆ ಎಂದು ನೋಡೋಣ. ಅದಕ್ಕೆ ರಿವರ್ಬ್ ಗೊತ್ತಿಲ್ಲ, ನಿಮ್ಮ ಟ್ರ್ಯಾಕ್ ಗೊತ್ತಿಲ್ಲ. ಒತ್ತಿದಾಗ ಮೂರು ಬೈಟ್ ಕಳಿಸುತ್ತದೆ, ಅಷ್ಟೇ. ಮೊದಲನೆಯದು ಇದು ಯಾವ ಬಗೆಯ ಸಂದೇಶ, ಹದಿನಾರರಲ್ಲಿ ಯಾವ ಚಾನೆಲ್ ಎಂದು ಹೇಳುತ್ತದೆ. ಎರಡನೆಯದು ಕಂಟ್ರೋಲರ್ ನಂಬರ್, ಅಂದರೆ ಎಲ್ಲರೂ ಕರೆಯುವ ಸಿಸಿ (ಕಂಟ್ರೋಲ್ ಚೇಂಜ್) ನಂಬರ್. ಮೂರನೆಯದು ಮೌಲ್ಯ. ಪ್ರತಿ ಬೈಟಿನ ಮೊದಲ ಬಿಟ್ ‘ಇದು ಆದೇಶವೋ ಮಾಹಿತಿಯೋ’ ಎಂದು ಗುರುತಿಸಲು ಖರ್ಚಾಗುವುದರಿಂದ ಮಾಹಿತಿಗೆ ಉಳಿಯುವುದು ಏಳು ಬಿಟ್. ಹಾಗಾಗಿ ಎಲ್ಲವೂ 0ಯಿಂದ 127ರ ಒಳಗೇ ಇರಬೇಕು. 1983ರಲ್ಲಿ ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು ಜೋಡಿಸಲು ರೂಪುಗೊಂಡ ವ್ಯವಸ್ಥೆ ಇದು. ಹಳೆಯ ಐದು ಪಿನ್ ಕೇಬಲ್‌ನಲ್ಲಿ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ ಒಂದು ಸಿಸಿ ಸಂದೇಶಕ್ಕೆ ಸುಮಾರು ಒಂದು ಮಿಲಿಸೆಕೆಂಡ್. ‘ನನ್ನ ಬಟನ್ ತಡವಾಗಿ ಕೆಲಸ ಮಾಡುತ್ತಿದೆ’ ಅನ್ನುವವರು ಮಿಡಿಯನ್ನು ಬಯ್ಯುವ ಮೊದಲು ಆಡಿಯೋ ಬಫರ್, ಅಂದರೆ ಕಂಪ್ಯೂಟರ್ ಶಬ್ದವನ್ನು ಹೊರಬಿಡುವ ಮೊದಲು ಸೇರಿಸಿಟ್ಟುಕೊಳ್ಳುವ ತುಣುಕು, ಎಷ್ಟಿದೆ ಎಂದು ನೋಡಬೇಕು. 44.1 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್ ಇಟ್ಟರೆ ಅಲ್ಲೇ 11.6 ಮಿಲಿಸೆಕೆಂಡ್ ಹೋಗುತ್ತದೆ.

ಮುಂದಿನ ಉದಾಹರಣೆಗಳಿಗೆ ಕೋರ್ಗ್ ಕಂಪನಿಯ ನ್ಯಾನೋಕಂಟ್ರೋಲ್ 2 ತೆಗೆದುಕೊಳ್ಳೋಣ. ಎಂಟು ಫೇಡರ್, ಎಂಟು ನಾಬ್, ಪ್ರತಿ ಸಾಲಿಗೆ ಎಸ್, ಎಂ, ಆರ್ ಎಂಬ ಮೂರು ಬಟನ್, ಎಡಗಡೆ ಪ್ಲೇ, ಸ್ಟಾಪ್, ರೆಕಾರ್ಡ್ ಮುಂತಾದವು. ಸೆಟ್ ಮಾರ್ಕರ್ ಮತ್ತು ಸೈಕಲ್ ಬಟನ್‌ಗಳನ್ನು ಹಿಡಿದುಕೊಂಡೇ ಯುಎಸ್‌ಬಿ ಚುಚ್ಚಿದರೆ ಅದು ಸಿಸಿ ಮೋಡ್‌ಗೆ ಹೋಗುತ್ತದೆ. ಆಗ ಫ್ಯಾಕ್ಟರಿ ನಂಬರ್‌ಗಳು ಹೀಗಿರುತ್ತವೆ: ಫೇಡರ್‌ಗಳು 0–7, ನಾಬ್‌ಗಳು 16–23, ಎಸ್ ಬಟನ್‌ಗಳು 32–39, ಎಂ 48–55, ಆರ್ 64–71. ಪ್ಲೇ 41, ಸ್ಟಾಪ್ 42, ರೆಕಾರ್ಡ್ 45.

ಈ ಪಟ್ಟಿಯಲ್ಲೇ ಒಂದು ಗುಂಡಿ ತೋಡಿಟ್ಟಿದೆ. ಮಿಡಿಯಲ್ಲಿ ಕೆಲವು ಸಿಸಿ ನಂಬರ್‌ಗಳಿಗೆ ಮೊದಲೇ ಕೆಲಸ ನಿಗದಿಯಾಗಿದೆ: 1 ಮಾಡ್ಯುಲೇಶನ್ ವ್ಹೀಲ್, 7 ವಾಲ್ಯೂಮ್, 10 ಪ್ಯಾನ್, 64 ಸಸ್ಟೇನ್ ಪೆಡಲ್. ಅಂದರೆ ಮೊದಲ ಸಾಲಿನ ಆರ್ ಬಟನ್ ಒತ್ತಿದರೆ, ಆ ಪೋರ್ಟಿಗೆ (ಕಂಟ್ರೋಲರ್‌ನ ಸಂದೇಶ ಒಳಬರುವ ದಾರಿಗೆ) ಕಿವಿಗೊಟ್ಟಿರುವ ಪಿಯಾನೋ ಟ್ರ್ಯಾಕ್ ‘ಸಸ್ಟೇನ್ ಪೆಡಲ್ ತುಳಿದರು’ ಎಂದೇ ತಿಳಿಯುತ್ತದೆ. ಬಟನ್ ಟಾಗಲ್ ಆಗಿದ್ದರೆ ಪೆಡಲ್ ತುಳಿದೇ ಇರುತ್ತದೆ, ನೋಟ್‌ಗಳು ನಿಲ್ಲುವುದೇ ಇಲ್ಲ. ಎಂಟನೇ ಫೇಡರ್ ಎಳೆದರೆ ಎಷ್ಟೋ ಸಿಂಥ್‌ಗಳ ವಾಲ್ಯೂಮ್ ಇಳಿಯುತ್ತದೆ, ಏಕೆಂದರೆ ಅದರ ನಂಬರ್ 7. ನೀವಾಗಿ ನಂಬರ್ ಆರಿಸುವುದಾದರೆ 20–31 ಮತ್ತು 102–119 ಖಾಲಿ ಜಾಗ, ಅಲ್ಲಿ ಇಟ್ಟುಕೊಳ್ಳಿ (ಈ ಸಾಧನದಲ್ಲಿ 20–23 ಈಗಾಗಲೇ ನಾಬ್‌ಗಳ ಪಾಲು). 120ರಿಂದ 127 ಮುಟ್ಟಲೇಬೇಡಿ. ಅವು ‘ಎಲ್ಲ ನೋಟ್ ನಿಲ್ಲಿಸು’ ಥರದ ಆದೇಶಗಳು.

ಒತ್ತು, ಬಿಡು, ಮತ್ತು ಲೆಕ್ಕ ಇಡುವವರು ಯಾರು

ಬಟನ್‌ಗಳಲ್ಲಿ ಎರಡು ನಡವಳಿಕೆ ಇವೆ. ಮೊಮೆಂಟರಿ ಬಟನ್ ಒತ್ತಿದಾಗ 127, ಬಿಟ್ಟಾಗ 0 ಕಳಿಸುತ್ತದೆ. ಟಾಗಲ್ ಬಟನ್ ಒಂದು ಸಲ ಒತ್ತಿದರೆ 127, ಮುಂದಿನ ಸಲ ಒತ್ತಿದರೆ 0. ಬಿಟ್ಟಾಗ ಏನೂ ಇಲ್ಲ. ಮೊಮೆಂಟರಿಗೆ ನೆನಪಿಲ್ಲ. ಟಾಗಲ್‌ಗೆ ಇದೆ: ಕಳೆದ ಸಲ ಏನು ಕಳಿಸಿದೆ ಎಂದು ಅದು ತನ್ನೊಳಗೇ ಗುರುತು ಹಾಕಿಕೊಂಡಿರುತ್ತದೆ.

ಸಾಫ್ಟ್‌ವೇರ್ ಕಡೆಯೂ ಎರಡು ಬಗೆ. ಒಂದು, ಬಂದ ಮೌಲ್ಯವನ್ನು ಹಾಗೆಯೇ ಪಾಲಿಸುವುದು: 127 ಬಂದರೆ ಆನ್, 0 ಬಂದರೆ ಆಫ್. ಇನ್ನೊಂದು, ಸೊನ್ನೆಗಿಂತ ದೊಡ್ಡದು ಏನೇ ಬಂದರೂ ಈಗಿರುವ ಸ್ಥಿತಿಯನ್ನು ತಿರುವಿ ಹಾಕುವುದು. ಈಗ ಇವನ್ನು ಜೋಡಿಸಿ ನೋಡಿ, ಮೇಲಿನ ದೂರುಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊಮೆಂಟರಿ ಬಟನ್, ಮೌಲ್ಯ ಪಾಲಿಸುವ ಸಾಫ್ಟ್‌ವೇರ್: ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಆನ್. ಟಾಗಲ್ ಬಟನ್, ತಿರುವಿ ಹಾಕುವ ಸಾಫ್ಟ್‌ವೇರ್: ಮೊದಲ ಒತ್ತಿಗೆ 127 ಬಂತು, ಆನ್ ಆಯಿತು. ಎರಡನೇ ಒತ್ತಿಗೆ 0 ಬಂತು, ಸಾಫ್ಟ್‌ವೇರ್ ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಮೂರನೇ ಒತ್ತಿಗೆ ಮತ್ತೆ 127, ಆಗ ಆಫ್. ಎರಡೆರಡು ಸಲ ಒತ್ತಬೇಕಾಗುವುದು ಇದರಿಂದಲೇ. ಟಾಗಲ್ ಬಟನ್, ಪಾಲಿಸುವ ಸಾಫ್ಟ್‌ವೇರ್: ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ, ಅದಕ್ಕೇ ಇದು ಮೋಸಗಾರ. ಮೌಸ್‌ನಿಂದ ಒಂದು ಸಲ ಆಫ್ ಮಾಡಿದಿರೋ, ಬೇರೆ ಪ್ರಾಜೆಕ್ಟ್ ತೆರೆದಿರೋ, ಬಟನ್ ತನ್ನ ಪಾಡಿಗೆ ‘ಆನ್ ಇದೆ’ ಎಂದೇ ನಂಬಿಕೊಂಡಿರುತ್ತದೆ. ಮುಂದಿನ ಒತ್ತು ವ್ಯರ್ಥ. ಮನೆಯಲ್ಲಿ ಅಭ್ಯಾಸ ಮಾಡುವಾಗ ಇದು ಕಣ್ಣಿಗೇ ಬೀಳದು, ಸ್ಟೇಜ್ ಮೇಲೆ ಕೈ ಕೊಡುತ್ತದೆ.

ಉಳಿದದ್ದು ನಾಲ್ಕನೆಯ ಜೋಡಿ, ಮೊಮೆಂಟರಿ ಬಟನ್ ಮತ್ತು ತಿರುವಿ ಹಾಕುವ ಸಾಫ್ಟ್‌ವೇರ್. ಆನ್–ಆಫ್ ಕೆಲಸಕ್ಕೆ ಯಾವಾಗಲೂ ಇದನ್ನೇ ಆರಿಸಿ. ಮನೆಯ ಮೆಟ್ಟಿಲಿನ ಕೆಳಗೊಂದು ಮೇಲೊಂದು ಸ್ವಿಚ್ ಇರುವ ಲೈಟಿನ ಹಾಗೆ, ಮೌಸ್ ಆಗಲಿ ಬಟನ್ ಆಗಲಿ ಯಾವುದನ್ನು ಒತ್ತಿದರೂ ಇರುವ ಸ್ಥಿತಿ ಬದಲಾಗುತ್ತದೆ.

ಏಬಲ್ಟನ್ ಲೈವ್ ಎಂಬ ಸಂಗೀತ ಸಾಫ್ಟ್‌ವೇರ್‌ನಲ್ಲಿ ಇದನ್ನು ಮಾಡುವ ದಾರಿ ಸ್ವಲ್ಪ ಸುತ್ತು. ಸ್ವಿಚ್‌ಗೆ ಸಿಸಿ ಕೊಟ್ಟರೆ ಲೈವ್ ಮೌಲ್ಯವನ್ನು ಪಾಲಿಸುತ್ತದೆ: ಮ್ಯಾಪಿಂಗ್‌ನ ಮಿನ್–ಮ್ಯಾಕ್ಸ್ ವ್ಯಾಪ್ತಿಯೊಳಗೆ ಬಂದರೆ ಆನ್, ಹೊರಗೆ ಬಿದ್ದರೆ ಆಫ್. ಮಿಡಿ ನೋಟ್ (ಕೀಬೋರ್ಡಿನ ಕೀ ಒತ್ತಿದಾಗ ಹೋಗುವಂಥ ಸ್ವರದ ಸಂದೇಶ) ಕೊಟ್ಟರೆ ಪ್ರತಿ ನೋಟ್‌ಗೂ ತಿರುವಿ ಹಾಕುತ್ತದೆ. ಹಾಗಾಗಿ ಕೋರ್ಗ್‌ನ ಕಂಟ್ರೋಲ್ ಎಡಿಟರ್ ಎಂಬ ಪ್ರೋಗ್ರಾಮ್ ತೆರೆದು, ಬೇಕಾದ ಬಟನ್‌ನ ಅಸೈನ್ ಟೈಪನ್ನು ಸಿಸಿಯಿಂದ ನೋಟ್‌ಗೆ ಬದಲಾಯಿಸಿ, ನಡವಳಿಕೆ ಮೊಮೆಂಟರಿ ಇಡಿ. ಚಾನೆಲ್ 16ಕ್ಕೆ ಹಾಕಿ. ಲೈವ್‌ನಲ್ಲಿ ಮ್ಯಾಪ್ ಆದ ನೋಟ್ ವಾದ್ಯಕ್ಕೆ ತಲುಪುವುದಿಲ್ಲ. ನಿಮ್ಮ ಕೀಬೋರ್ಡ್ ಚಾನೆಲ್ 1ರಲ್ಲಿದ್ದು ಬಟನ್ ಕೂಡ ಅಲ್ಲೇ ಇದ್ದರೆ ಕೀಬೋರ್ಡಿನ ಒಂದು ಸ್ವರ ಮೂಕವಾಗುತ್ತದೆ.

ನಂತರ ಲೈವ್‌ನ ಮಿಡಿ ಸೆಟ್ಟಿಂಗ್ಸ್‌ನಲ್ಲಿ ಆ ಪೋರ್ಟಿನ ಇನ್‌ಪುಟ್ ಸಾಲಿನಲ್ಲಿ ‘ರಿಮೋಟ್’ ಆನ್, ‘ಟ್ರ್ಯಾಕ್’ ಆಫ್. ಟ್ರ್ಯಾಕ್ ಆಫ್ ಮಾಡುವುದು ಬಹಳ ಜನ ಮರೆಯುವ ಹೆಜ್ಜೆ. ಅದನ್ನು ಮಾಡಿದರೆ ಮೇಲೆ ಹೇಳಿದ ಸಸ್ಟೇನ್ ಕಾಟವೂ ತಪ್ಪುತ್ತದೆ, ಏಕೆಂದರೆ ಆ ಪೋರ್ಟಿನಿಂದ ವಾದ್ಯಗಳಿಗೆ ಏನೂ ಹೋಗುವುದಿಲ್ಲ. ಈಗ ಕಂಪ್ಯೂಟರ್ ಕೀಬೋರ್ಡಿನಲ್ಲಿ ಕಂಟ್ರೋಲ್ ಮತ್ತು ಎಂ ಒತ್ತಿ (ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಎಂ), ರಿವರ್ಬ್‌ನ ಆನ್–ಆಫ್ ಗುಂಡಿ ಕ್ಲಿಕ್ ಮಾಡಿ, ಕಂಟ್ರೋಲರ್‌ನ ಬಟನ್ ಒತ್ತಿ, ಮತ್ತೆ ಅದೇ ಕೀಗಳಿಂದ ಮ್ಯಾಪ್ ಮೋಡ್ ಬಿಟ್ಟು ಹೊರಬನ್ನಿ.

ರೀಪರ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಬಟನ್ ಸಿಸಿ ಆಗಿಯೇ ಇರಲಿ, ತೊಂದರೆಯಿಲ್ಲ. ಪ್ರಿಫರೆನ್ಸಸ್‌ನ ಮಿಡಿ ಇನ್‌ಪುಟ್ ಪಟ್ಟಿಯಲ್ಲಿ ಆ ಸಾಧನಕ್ಕೆ ಕಂಟ್ರೋಲ್ ಸಂದೇಶಗಳ ಅನುಮತಿ ಕೊಡಿ. ಪ್ಲಗಿನ್ (ರಿವರ್ಬ್ ಥರದ ಪರಿಣಾಮ ಅಥವಾ ವಾದ್ಯದ ಪುಟ್ಟ ಪ್ರೋಗ್ರಾಮ್) ಕಿಟಕಿಯಲ್ಲಿ ಬೇಕಾದ ನಿಯಂತ್ರಣವನ್ನು ಮೌಸ್‌ನಿಂದ ಒಮ್ಮೆ ಅಲುಗಾಡಿಸಿ, ‘ಪ್ಯಾರಂ’ ಗುಂಡಿಯೊಳಗಿನ ‘ಲರ್ನ್’ ಆರಿಸಿ, ಬಟನ್ ಒತ್ತಿ. ಮೋಡ್ ಪಟ್ಟಿಯಲ್ಲಿ ಟಾಗಲ್ ಎಂಬುದಿದೆ, ಸೊನ್ನೆಗಿಂತ ಹೆಚ್ಚು ಬಂದರೆ ತಿರುವು ಎಂದು ಅದರ ಪಕ್ಕದಲ್ಲೇ ಬರೆದಿರುತ್ತದೆ. ಎಫ್‌ಎಲ್ ಸ್ಟುಡಿಯೋದಲ್ಲಿ ನಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಲಿಂಕ್ ಟು ಕಂಟ್ರೋಲರ್’ ಆರಿಸಿ ಬಟನ್ ಅಥವಾ ನಾಬ್ ಅಲುಗಾಡಿಸಿದರೆ ಆಯಿತು. ಅದೇ ಕಿಟಕಿಯ ಮ್ಯಾಪಿಂಗ್ ಫಾರ್ಮುಲಾ ತುಂಬ ಉಪಯೋಗದ್ದು, ಅದಕ್ಕೆ ಮತ್ತೆ ಬರೋಣ.

ಹಿಡಿದಷ್ಟು ಹೊತ್ತು ಎನ್ನುವುದೇ ಬೇಕಾದಾಗ

ಮೊಮೆಂಟರಿಯನ್ನು ಹಾಗೆಯೇ ಪಾಲಿಸುವ ಜೋಡಿಗೂ ಅದರದೇ ಜಾಗವಿದೆ. ಹಾಡಿನ ಪಲ್ಲವಿಯ ಕೊನೆಯ ಪದಕ್ಕೆ ಮಾತ್ರ ಡಿಲೇ (ಮತ್ತೆ ಮತ್ತೆ ಮರುಕಳಿಸುವ ಪ್ರತಿಧ್ವನಿ) ಬೇಕು, ಉಳಿದ ಸಾಲೆಲ್ಲ ಪರಿಣಾಮವಿಲ್ಲದೆ ಒಣಗಿಯೇ ಇರಬೇಕು ಎಂದುಕೊಳ್ಳಿ. ಡಿಲೇ ಪ್ಲಗಿನ್‌ನ ಆನ್–ಆಫ್‌ಗೆ ಬಟನ್ ಮ್ಯಾಪ್ ಮಾಡಿದರೆ, ಬೆರಳು ತೆಗೆದ ಕ್ಷಣ ಪ್ರತಿಧ್ವನಿಯ ಬಾಲವೇ ಕತ್ತರಿಸಿ ಹೋಗುತ್ತದೆ. ಡಿಲೇ ಕೂತಿರುವ ರಿಟರ್ನ್ ಟ್ರ್ಯಾಕಿನ ವಾಲ್ಯೂಮ್‌ಗೆ ಮಾಡಿದರೂ ಅದೇ ಗತಿ. ಮ್ಯಾಪ್ ಮಾಡಬೇಕಾದ್ದು ಹಾಡುಗಾರರ ಟ್ರ್ಯಾಕಿನ ಸೆಂಡ್ ನಾಬ್‌ಗೆ, ಅಂದರೆ ಆ ದನಿ ಡಿಲೇಗೆ ಎಷ್ಟು ಹೋಗಬೇಕು ಎಂದು ಹೇಳುವ ನಾಬ್‌ಗೆ. ಇಲ್ಲಿ ಬಟನ್ ಸಿಸಿ ಆಗಿ, ಮೊಮೆಂಟರಿ ಆಗಿ ಇರಲಿ. ಲೈವ್‌ನ ಮ್ಯಾಪಿಂಗ್ ಪಟ್ಟಿಯಲ್ಲಿ ಮಿನ್ ತೀರ ಕೆಳಗೆ, ಮ್ಯಾಕ್ಸ್ ಮೈನಸ್ 6 ಡಿಬಿ ಆಸುಪಾಸು ಇಡಿ. ಪದ ಬರುವ ಸ್ವಲ್ಪ ಮೊದಲು ಒತ್ತಿ, ಪದ ಮುಗಿದ ಮೇಲೆ ಬಿಡಿ. ಡಿಲೇಯೊಳಗೆ ಈಗಾಗಲೇ ಹೊಕ್ಕ ಶಬ್ದ ತನ್ನ ಪಾಡಿಗೆ ಮೆಲ್ಲಗೆ ಕರಗುತ್ತದೆ. ಡಿಲೇಯ ಡ್ರೈ–ವೆಟ್ (ಮೂಲ ದನಿ ಮತ್ತು ಪ್ರತಿಧ್ವನಿಯ ಪ್ರಮಾಣ) ಪೂರ್ತಿ ವೆಟ್ ಇರಬೇಕು, ಇಲ್ಲದಿದ್ದರೆ ಬಟನ್ ಒತ್ತಿದಾಗಲೆಲ್ಲ ಮೂಲ ದನಿಯೂ ಸೇರಿಕೊಂಡು ಜೋರಾಗುತ್ತದೆ.

ಒಂದು ಬಟನ್‌ಗೆ ಎರಡು ತುದಿ ಸಾಕಾಗದೆ ಮೂರ್ನಾಲ್ಕು ಆಯ್ಕೆ ಬೇಕಾಗುವುದೂ ಉಂಟು. ಸಿಂಥ್‌ನಲ್ಲಿ ನಾಲ್ಕು ತರಂಗಾಕಾರಗಳಿವೆ, ನಾಲ್ಕು ಬಟನ್‌ನಿಂದ ನೇರವಾಗಿ ಬೇಕಾದ್ದನ್ನು ಕರೆಯಬೇಕು ಎನ್ನೋಣ. ನಾಲ್ಕೂ ಬಟನ್‌ಗೆ ಒಂದೇ ಸಿಸಿ ನಂಬರ್ ಕೊಡಿ, 24 ಇರಲಿ. ಎಡಿಟರ್‌ನಲ್ಲಿ ಪ್ರತಿ ಬಟನ್‌ಗೂ ಆನ್ ಮೌಲ್ಯ, ಆಫ್ ಮೌಲ್ಯ ಎಂದು ಎರಡು ಅಂಕಣ ಇರುತ್ತವೆ. ಗುಟ್ಟು ಇರುವುದು ಇಲ್ಲಿ: ಎರಡಕ್ಕೂ ಒಂದೇ ಸಂಖ್ಯೆ ಹಾಕಿ. ಒತ್ತಿದಾಗ 42 ಹೋಯಿತು, ಬಿಟ್ಟಾಗಲೂ 42 ಹೋಯಿತು, ಆರಿಸಿದ್ದು ಹಾಗೆಯೇ ನಿಂತಿತು. ನಾಲ್ಕು ಬಟನ್‌ಗೆ 0, 42, 85, 127. 128 ಮೌಲ್ಯಗಳನ್ನು ನಾಲ್ಕು ಸಮಪಾಲು ಮಾಡುವ ಪ್ಲಗಿನ್ ಇವೆ, ಹತ್ತಿರದ ಆಯ್ಕೆಗೆ ದುಂಡು ಮಾಡುವ ಪ್ಲಗಿನ್ ಇವೆ. ಎರಡನೆಯ ಬಗೆಯಲ್ಲಿ ಮೊದಲ ಮತ್ತು ಕೊನೆಯ ಆಯ್ಕೆಗೆ ಸಿಗುವ ಜಾಗ ಅರ್ಧ ಮಾತ್ರ. ಈ ನಾಲ್ಕು ಸಂಖ್ಯೆಗಳು ಎರಡೂ ಬಗೆಯಲ್ಲಿ ಸರಿಯಾದ ಮನೆಗೇ ಬೀಳುತ್ತವೆ.

ಇಂಥ ಬಟನ್ ಒತ್ತಿದಾಗ ಏನೂ ಆಗದಿದ್ದರೆ ಟೇಕ್‌ಓವರ್ ಸೆಟ್ಟಿಂಗ್ ನೋಡಿ. ಅದು ಫೇಡರ್ ಮುಟ್ಟಿದಾಗ ಮೌಲ್ಯ ಜಿಗಿಯದಂತೆ ತಡೆಯಲು ಇರುವುದು (ವಿವರ ಮುಂದಿದೆ), ಬಟನ್‌ಗೆ ಅಡ್ಡಗಾಲು ಹಾಕುತ್ತದೆ. ರೀಪರ್‌ನಲ್ಲಿ ಸಾಫ್ಟ್ ಟೇಕ್‌ಓವರ್ ಪ್ರತಿ ಮ್ಯಾಪಿಂಗ್‌ಗೂ ಬೇರೆ ಬೇರೆ ಟಿಕ್ ಆದ್ದರಿಂದ ಬಟನ್‌ಗಳಿಗೆ ಮಾತ್ರ ತೆಗೆದುಬಿಡಬಹುದು.

ಫೇಡರ್ ಜಿಗಿತ ಮತ್ತು 128 ಮೆಟ್ಟಿಲು

ನ್ಯಾನೋಕಂಟ್ರೋಲ್ ಥರದ ಅಗ್ಗದ ಸಾಧನಗಳ ಫೇಡರ್‌ಗೆ ಮೋಟರ್ ಇಲ್ಲ. ಪರದೆಯ ಮೇಲೆ ವಾಲ್ಯೂಮ್ ಮುಕ್ಕಾಲಿನಲ್ಲಿದೆ, ನಿಮ್ಮ ಕೈಕೆಳಗಿನ ಫೇಡರ್ ತಳದಲ್ಲಿದೆ. ಚೂರು ಮುಟ್ಟಿದರೂ ಅದು ತನ್ನ ನಿಜವಾದ ಜಾಗವನ್ನು ಹೇಳುತ್ತದೆ, ಹಾಡು ಮಾಯ. ಲೈವ್‌ನಲ್ಲಿ ಇದಕ್ಕೆ ಮೂರು ಟೇಕ್‌ಓವರ್ ಮೋಡ್ ಇವೆ. ‘ನನ್’ ಎಂದರೆ ಜಿಗಿಯಲಿ ಬಿಡು. ‘ಪಿಕ್‌ಅಪ್’ ಎಂದರೆ ಫೇಡರ್ ಪರದೆಯ ಮೌಲ್ಯವನ್ನು ದಾಟುವವರೆಗೆ ಏನೂ ಮಾಡಬೇಡ. ‘ವ್ಯಾಲ್ಯೂ ಸ್ಕೇಲಿಂಗ್’ ಎಂದರೆ ಎರಡರ ನಡುವಿನ ಅಂತರವನ್ನು ಎಳೆಯುತ್ತ ಹೋದಂತೆ ಸ್ವಲ್ಪ ಸ್ವಲ್ಪವಾಗಿ ಸರಿದೂಗಿಸು. ಮಿಕ್ಸ್ ಮಾಡುವಾಗ ಪಿಕ್‌ಅಪ್ ಒಳ್ಳೆಯದು; ಎಲ್ಲಿ ಹಿಡಿಯಿತು ಎಂದು ಕೈಗೆ ಗೊತ್ತಾಗುತ್ತದೆ. ನೇರ ಪ್ರದರ್ಶನದಲ್ಲಿ ಮಾತ್ರ ಸ್ಕೇಲಿಂಗ್ ವಾಸಿ, ಅಲ್ಲಿ ಫೇಡರ್ ಹುಡುಕಿ ಹಿಡಿಯುವಷ್ಟು ಪುರಸೊತ್ತು ಇರುವುದಿಲ್ಲ.

ಎರಡನೆಯ ತೊಂದರೆ ಮೆಟ್ಟಿಲುಗಳದು. ಫಿಲ್ಟರ್ ಕಟ್‌ಆಫ್ (ಶಬ್ದವನ್ನು ಎಲ್ಲಿಂದ ಕತ್ತರಿಸಬೇಕು ಎಂಬ ಗಡಿ) 20 ಹರ್ಟ್ಸ್‌ನಿಂದ 20,000ದವರೆಗೆ ಇದೆ, ಅಂದರೆ ಹೆಚ್ಚುಕಡಿಮೆ ಹತ್ತು ಸ್ಥಾಯಿ. ಇದನ್ನು 127 ಹೆಜ್ಜೆಗೆ ಹಂಚಿದರೆ ಒಂದೊಂದು ಹೆಜ್ಜೆ 94 ಸೆಂಟ್, ಅರ್ಧ ಸ್ವರಕ್ಕೆ ಸ್ವಲ್ಪವೇ ಕಡಿಮೆ. ರೆಸೊನೆನ್ಸ್ (ಆ ಗಡಿಯ ಬಳಿಯ ಶಬ್ದವನ್ನು ಎತ್ತಿ ತೋರಿಸುವುದು) ಜಾಸ್ತಿ ಇಟ್ಟು ನಿಧಾನವಾಗಿ ನಾಬ್ ತಿರುಗಿಸಿದರೆ ಆ ಹೆಜ್ಜೆಗಳು ಕಿವಿಗೇ ಕೇಳಿಸುತ್ತವೆ. ಪರಿಹಾರ ಸುಲಭ: ನಿಮಗೆ ನಿಜವಾಗಿ ಬೇಕಾದ ವ್ಯಾಪ್ತಿಯನ್ನಷ್ಟೇ ಮ್ಯಾಪ್ ಮಾಡಿ. ಮಿನ್ 200 ಹರ್ಟ್ಸ್, ಮ್ಯಾಕ್ಸ್ 2,000 ಇಟ್ಟರೆ ಹೆಜ್ಜೆ 31 ಸೆಂಟ್‌ಗೆ ಇಳಿಯುತ್ತದೆ. ನಾಬ್‌ನ ಪೂರ್ತಿ ಸುತ್ತು ಉಪಯೋಗಕ್ಕೆ ಬರುವುದು ಇನ್ನೊಂದು ಲಾಭ. ಎಫ್‌ಎಲ್ ಸ್ಟುಡಿಯೋದಲ್ಲಿ ಇದೇ ಕೆಲಸವನ್ನು ಫಾರ್ಮುಲಾ ಮಾಡುತ್ತದೆ: ಇನ್‌ಪುಟ್ ಅನ್ನು 0.5ರಿಂದ ಗುಣಿಸಿ 0.25 ಕೂಡಿಸಿದರೆ ನಡುವಿನ ಅರ್ಧ ವ್ಯಾಪ್ತಿ ಮಾತ್ರ ಸಿಗುತ್ತದೆ, 1ರಿಂದ ಇನ್‌ಪುಟ್ ಕಳೆದರೆ ನಾಬ್ ಉಲ್ಟಾ ಆಗುತ್ತದೆ. ಲೈವ್‌ನಲ್ಲಿ ಉಲ್ಟಾ ಮಾಡಲು ಮಿನ್ ಅನ್ನು ಮ್ಯಾಕ್ಸ್‌ಗಿಂತ ದೊಡ್ಡದಿಟ್ಟರೆ ಸಾಕು. 2020ರಲ್ಲಿ ಬಂದ ಮಿಡಿ 2.0ರಲ್ಲಿ ಮೌಲ್ಯಕ್ಕೆ 32 ಬಿಟ್ ಸಿಗುತ್ತದೆ ನಿಜ. ಆದರೆ ಸಾಧನ, ಆಪರೇಟಿಂಗ್ ಸಿಸ್ಟಮ್, ಸಾಫ್ಟ್‌ವೇರ್ ಮೂರೂ ಅದನ್ನು ಮಾತಾಡಿದರೆ ಮಾತ್ರ ಉಪಯೋಗ.

ತುದಿಯಿಲ್ಲದೆ ಸುತ್ತುವ ಎನ್‌ಕೋಡರ್‌ಗಳಿಗೆ ಜಿಗಿತದ ಕಾಟವಿಲ್ಲ, ಏಕೆಂದರೆ ಅವು ‘ಎಲ್ಲಿದ್ದೇನೆ’ ಎಂದು ಹೇಳುವುದಿಲ್ಲ, ‘ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ’ ಎಂದಷ್ಟೇ ಹೇಳುತ್ತವೆ. ಇದನ್ನು ಹೇಳುವ ಭಾಷೆ ಮಾತ್ರ ಕಂಪನಿಗೊಂದು. ಕೆಲವು ಮೇಲಕ್ಕೆ 1, ಕೆಳಕ್ಕೆ 127 ಕಳಿಸುತ್ತವೆ. ಕೆಲವು 65 ಮತ್ತು 63. ಇನ್ನು ಕೆಲವು 1 ಮತ್ತು 65. ರೀಪರ್ ಇವನ್ನೇ ರಿಲೇಟಿವ್ 1, 2, 3 ಎಂದು ಕರೆಯುತ್ತದೆ. ತಪ್ಪು ಆಯ್ಕೆಯಾದರೆ ಲಕ್ಷಣ ಸ್ಪಷ್ಟ: ನಾಬ್ ಯಾವ ಕಡೆ ತಿರುಗಿಸಿದರೂ ಮೌಲ್ಯ ತಳಕ್ಕೂ ತುದಿಗೂ ಹೊಯ್ದಾಡುತ್ತದೆ, ಅಥವಾ ನಡುಮಧ್ಯದಲ್ಲಿ ನಿಂತು ನಡುಗುತ್ತದೆ. ತಳ–ತುದಿ ಹೊಯ್ದಾಟವಿದ್ದರೆ 1 ಮತ್ತು 127, ನಡುವಿನ ನಡುಕವಿದ್ದರೆ 63 ಮತ್ತು 65 ಎಂದು ಊಹಿಸಿ ಬದಲಾಯಿಸಿ. ಲೈವ್ ಇದನ್ನು ತಾನೇ ಗುರುತಿಸಲು ನೋಡುತ್ತದೆ. ಮ್ಯಾಪ್ ಮಾಡುವಾಗ ಎನ್‌ಕೋಡರನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರೆ ಅದಕ್ಕೆ ಸುಲಭ.

ದೀಪ ಸುಳ್ಳು ಹೇಳಿದಾಗ

ಸಾಫ್ಟ್‌ವೇರ್ ಲೆಕ್ಕ ಇಡಲಿ ಎಂದು ತೀರ್ಮಾನಿಸಿದ ಮೇಲೆ ಬಟನ್‌ನ ದೀಪವನ್ನೂ ಅದರ ಕೈಗೇ ಕೊಡಬೇಕು. ಇಲ್ಲದಿದ್ದರೆ ಒತ್ತಿದಾಗ ಹೊತ್ತಿ ಬಿಟ್ಟಾಗ ಆರುವ ದೀಪ, ರಿವರ್ಬ್ ಆನ್ ಇದೆಯೋ ಇಲ್ಲವೋ ಎಂದು ಏನೂ ತಿಳಿಸುವುದಿಲ್ಲ. ಕಂಟ್ರೋಲ್ ಎಡಿಟರ್‌ನಲ್ಲಿ ಎಲ್‌ಇಡಿ ಮೋಡ್ ಇಂಟರ್ನಲ್‌ನಿಂದ ಎಕ್ಸ್‌ಟರ್ನಲ್‌ಗೆ ಬದಲಾಯಿಸಿ. ಇನ್ನು ದೀಪ ಹೊತ್ತುವುದು ಕಂಪ್ಯೂಟರ್‌ನಿಂದ ಅದೇ ನಂಬರಿನ ಸಂದೇಶ ಹಿಂದಿರುಗಿ ಬಂದರೆ ಮಾತ್ರ. ಅದು ಬರಬೇಕಾದರೆ ಲೈವ್‌ನಲ್ಲಿ ಔಟ್‌ಪುಟ್ ಸಾಲಿನಲ್ಲೂ ‘ರಿಮೋಟ್’ ಆನ್ ಇರಬೇಕು. ಎಕ್ಸ್‌ಟರ್ನಲ್ ಮಾಡಿದ ಮೇಲೆ ‘ದೀಪಗಳೇ ಸತ್ತವು’ ಅನ್ನುವವರು ಈ ಔಟ್‌ಪುಟ್ ಸಾಲನ್ನು ಬಿಟ್ಟಿರುತ್ತಾರೆ. ಮೋಟರ್ ಫೇಡರ್ ಇರುವ ದೊಡ್ಡ ಸಾಧನಗಳು ಬಳಸುವ ಮ್ಯಾಕಿ ಕಂಟ್ರೋಲ್ ವ್ಯವಸ್ಥೆಯೂ ಇದೇ ತತ್ವದ ಮೇಲೆ ನಿಂತಿದೆ: ಬಟನ್‌ಗಳು ನೋಟ್ ಕಳಿಸುತ್ತವೆ, ಫೇಡರ್‌ಗಳು ಹೆಚ್ಚು ಸೂಕ್ಷ್ಮವಾದ ಪಿಚ್ ಬೆಂಡ್ ಸಂದೇಶ ಕಳಿಸುತ್ತವೆ, ಸ್ಥಿತಿ ಏನೆಂದು ಸಾಫ್ಟ್‌ವೇರ್ ತಿರುಗಿ ಹೇಳುತ್ತದೆ.

ಏನೂ ಕೆಲಸ ಮಾಡದಿದ್ದಾಗ ಮೇಲಿಂದ ಮೇಲೆ ಮ್ಯಾಪ್ ಮಾಡುತ್ತ ಕೂರಬೇಡಿ. ಮೊದಲು ಬಟನ್ ಏನು ಕಳಿಸುತ್ತಿದೆ ಎಂದು ಕಣ್ಣಾರೆ ನೋಡಿ. ವಿಂಡೋಸ್‌ನಲ್ಲಿ ಮಿಡಿ ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್, ಎರಡೂ ಬಂದ ಸಂದೇಶವನ್ನು ಚಾನೆಲ್, ನಂಬರ್, ಮೌಲ್ಯದ ಸಮೇತ ತೋರಿಸುತ್ತವೆ. ಅಲ್ಲಿ 127 ಮತ್ತು 0 ಎರಡೂ ಬಂದರೆ ಮೊಮೆಂಟರಿ, ಒತ್ತಿಗೊಂದೇ ಬಂದರೆ ಟಾಗಲ್. ಒಂದು ಒತ್ತಿಗೆ ನಾಲ್ಕಾರು ಸಂದೇಶ ಬಂದರೆ ಬಟನ್‌ನ ಸಂಪರ್ಕ ಅದುರುತ್ತಿದೆ. ಅಂಗಡಿಯ ಸಾಧನದಲ್ಲಿ ಇದು ಸವಕಳಿಯ ಗುರುತು. ಆರ್ಡ್ವಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಿಂದ ನೀವೇ ಕಟ್ಟಿದ್ದಾದರೆ ಕೋಡ್‌ನಲ್ಲಿ ಡಿಬೌನ್ಸ್ ಸೇರಿಸಿ, ಮೊದಲ ಬದಲಾವಣೆಯ ನಂತರ 5ರಿಂದ 20 ಮಿಲಿಸೆಕೆಂಡ್ ಬಂದದ್ದನ್ನೆಲ್ಲ ಕಡೆಗಣಿಸಿದರೆ ಸಾಕು. ನೋಡಿ ಮುಗಿದ ಮೇಲೆ ಆ ಪ್ರೋಗ್ರಾಮ್ ಮುಚ್ಚಿ. ವಿಂಡೋಸ್‌ನ ಎಷ್ಟೋ ಡ್ರೈವರ್‌ಗಳು ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮಿಗೆ ಬಿಟ್ಟುಕೊಡುತ್ತವೆ. ಮಾನಿಟರ್ ಅಥವಾ ಎಡಿಟರ್ ತೆರೆದೇ ಇದ್ದರೆ ಲೈವ್‌ಗೆ ಸಾಧನ ಸಿಗದೇ ಹೋಗಬಹುದು.

ಮಾನಿಟರ್‌ನಲ್ಲಿ ಎಲ್ಲ ಸರಿ, ಆದರೂ ಒಂದೇ ಬಟನ್‌ಗೆ ಎರಡು ಕಡೆ ಏನೋ ಬದಲಾಗುತ್ತಿದ್ದರೆ, ಪ್ಲಗಿನ್‌ನ ಸ್ವಂತ ಮಿಡಿ ಲರ್ನ್ ಅನ್ನೂ ನೀವು ಯಾವಾಗಲೋ ಬಳಸಿರಬಹುದು. ಎರಡರಲ್ಲಿ ಒಂದನ್ನು ಅಳಿಸಿ. ಉಳಿಸಿಕೊಳ್ಳಬೇಕಾದ್ದು ಸಾಫ್ಟ್‌ವೇರ್‌ನ ಮ್ಯಾಪಿಂಗ್. ಅದು ಆಟೊಮೇಶನ್ (ಹಾಡಿನ ಜೊತೆ ನಾಬ್‌ಗಳು ತಾವಾಗಿ ಬದಲಾಗುವಂತೆ ಬರೆದಿಡುವುದು) ಜೊತೆ ಚೆನ್ನಾಗಿ ಹೊಂದುತ್ತದೆ, ಎಲ್ಲ ಪ್ಲಗಿನ್‌ಗೂ ಒಂದೇ ರೀತಿ ಇರುತ್ತದೆ. ಲೈವ್ ಬಳಸುವವರು ಪ್ಲಗಿನ್‌ನ ನಾಬ್‌ಗೆ ನೇರ ಮ್ಯಾಪ್ ಮಾಡುವ ಬದಲು ರ‍್ಯಾಕ್‌ನೊಳಗೆ ಹಾಕಿ ಮ್ಯಾಕ್ರೋಗೆ (ಪ್ಲಗಿನ್ ಇಟ್ಟ ಆ ಪೆಟ್ಟಿಗೆಯ ಮುಂಭಾಗದ ನಾಬ್‌ಗೆ) ಮ್ಯಾಪ್ ಮಾಡಿದರೆ, ನಾಳೆ ಆ ರಿವರ್ಬ್ ಬದಲು ಬೇರೆಯದು ಹಾಕಿದಾಗಲೂ ಕಂಟ್ರೋಲರ್ ಕಡೆಯ ಮ್ಯಾಪ್ ಹಾಗೇ ಉಳಿಯುತ್ತದೆ. ಮತ್ತೆ ಜೋಡಿಸಬೇಕಾದ್ದು ಮ್ಯಾಕ್ರೋದಿಂದ ಹೊಸ ಪ್ಲಗಿನ್‌ಗೆ ಮಾತ್ರ.

ಮ್ಯಾಪ್ ಆದ ನಾಬನ್ನು ಹಾಡು ಓಡುತ್ತಿರುವಾಗ ಮುಟ್ಟಿದರೆ, ಅಲ್ಲಿ ಬರೆದಿಟ್ಟ ಆಟೊಮೇಶನ್ ಲೈವ್‌ನಲ್ಲಿ ನಿಂತುಹೋಗುತ್ತದೆ. ‘ರೀ-ಎನೇಬಲ್ ಆಟೊಮೇಶನ್’ ಗುಂಡಿ ಒತ್ತಿದರೆ ಮರಳುತ್ತದೆ. ಮಿಕ್ಸ್ ರಫ್ತು ಮಾಡುವ ಮೊದಲು ಆ ಗುಂಡಿ ಹೊತ್ತಿದೆಯೇ ಎಂದು ನೋಡುವ ಅಭ್ಯಾಸ ಒಳ್ಳೆಯದು.

ಕೊನೆಗೆ ಉಳಿಸುವ ವಿಚಾರ. ಲೈವ್‌ನಲ್ಲಿ ನೀವೇ ಮಾಡಿದ ಮ್ಯಾಪಿಂಗ್ ಆ ಸೆಟ್‌ನೊಳಗೇ (ಲೈವ್‌ನ ಪ್ರಾಜೆಕ್ಟ್ ಫೈಲಿನೊಳಗೇ) ಉಳಿಯುತ್ತದೆ, ಹೊಸ ಸೆಟ್ ತೆರೆದರೆ ಇರುವುದಿಲ್ಲ. ಎಲ್ಲ ಹಾಡಿಗೂ ಬೇಕಾದ ಪ್ಲೇ, ಸ್ಟಾಪ್, ರೆಕಾರ್ಡ್, ಎಂಟು ಟ್ರ್ಯಾಕಿನ ವಾಲ್ಯೂಮ್ ಇಷ್ಟನ್ನು ಮ್ಯಾಪ್ ಮಾಡಿ ಆ ಸೆಟ್ಟನ್ನೇ ಡೀಫಾಲ್ಟ್ ಸೆಟ್ ಆಗಿ ಉಳಿಸಿ. ಎಡಿಟರ್‌ನಲ್ಲಿ ಬದಲಾಯಿಸಿದ ನಂಬರ್‌ಗಳು ಸಾಧನಕ್ಕೆ ತಾವಾಗಿ ಹೋಗುವುದಿಲ್ಲ. ಕಮ್ಯುನಿಕೇಶನ್ ಮೆನುವಿನಿಂದ ಬರೆಯುವ ಆದೇಶ ಕೊಡಬೇಕು. ಈ ನಂಬರ್‌ಗಳಿರುವ ಸೀನ್ ಫೈಲನ್ನು ಕಂಪ್ಯೂಟರ್‌ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ. ಸಾಧನ ಕೆಟ್ಟು ಬೇರೆ ತಂದರೆ, ಫೈಲ್ ಬರೆದ ಎರಡೇ ನಿಮಿಷಕ್ಕೆ ಹಳೆಯ ಪ್ರಾಜೆಕ್ಟ್‌ಗಳೆಲ್ಲ ಅದೇ ಬಟನ್‌ಗೆ ಓಗೊಡುತ್ತವೆ.